ಒಂಬತ್ತು ಇಂಚು ಮಳೆ, ಒಂದು ಹರಗೋಲು

ಮಳೆಸಾಹೇಬನಾಗಲು ಜಂಬಣ್ಣನಿಗೆ ಬಿದ್ದ ಖರ್ಚು ಇಷ್ಟು: ಕರಿ ಕೋಟಿಗೆ ಬಟ್ಟೆ, ಹೊಲಿಗೆ ಕೂಡಿ ಹದಿನಾಲ್ಕು ರೂಪಾಯಿ. ಬಾಗಿದ ಹಿಡಿಕೆಯ ಕೊಡೆಗೆ ನಾಲ್ಕೂವರೆ. ಹಿತ್ತಲ ಬೇಲಿಗೆ ಬಳಿದ ಬಿಳಿ ಬಣ್ಣಕ್ಕೆ ಒಂದು ರೂಪಾಯಿ ಆರಾಣೆ. ಜೇಬಿಗೆ ಸಿಗಿಸಲು ಪೆನ್ನಿಗೆ ಎರಡು ರೂಪಾಯಿ. ಎಲ್ಲವೂ ಹಾಲಿ ರೂಪಾಯಿಯ ಲೆಕ್ಕ. ನಿಜಾಮ ಹೋಗಿ ಐದು ವರ್ಷವಾಗಿದ್ದರೂ ಅವನ ನಾಣ್ಯ ಮಸ್ಕಿಯ ಸಂತೆಯಿಂದ ಇನ್ನೂ ಹೋಗಿರಲಿಲ್ಲ. ಮಳೆ ಅಳೆಯುವ ಈ ಕೆಲಸಕ್ಕೆ ಸರಕಾರ ಕೊಡುತ್ತಿದ್ದುದು ತಿಂಗಳಿಗೆ ಎರಡು ರೂಪಾಯಿ.

"ಹನ್ನೊಂದು ತಿಂಗಳಿಗೆ ಹಾಕಿದ ರೊಕ್ಕ ಹುಟ್ಟತೈತಿ," ಎಂದ ಜಂಬಣ್ಣ.

"ಅಷ್ಟರಾಗ ಕೋಟು ಹರದಿರತೈತಿ," ಎಂದಳು ಹೆಂಡತಿ ವೀರಭದ್ರಮ್ಮ. "ನನ್ನ ಸಂಡಿಗಿ ಒಣಗಸೋ ಜಾಗಾದ ರೊಕ್ಕ ಯಾರು ಕೊಡ್ತಾರ?"

ಜಂಬಣ್ಣ ಮಸ್ಕಿಯ ಬಸ್ಸು ನಿಲ್ಲುವ ಕಟ್ಟೆಯ ಎದುರಿಗೆ ಕಿರಾಣಿ ಅಂಗಡಿ ಇಟ್ಟವನು. ಎಣ್ಣೆ, ಬೆಲ್ಲ, ಉಪ್ಪು, ಬೀಡಿ. ಅಂಗಡಿ ಸಣ್ಣದು, ಹೆಸರು ದೊಡ್ಡದು. ಅವನ ಅಪ್ಪನ ಕಾಲದ ಹಿತ್ತಾಳೆ ಸೇರು ಒಂದಿತ್ತು. ಸುತ್ತ ಹತ್ತು ಹಳ್ಳಿಯಲ್ಲಿ ಅಣ್ಣತಮ್ಮಂದಿರು ಕಾಳು ಹಂಚಿಕೊಳ್ಳುವಾಗ ಜಗಳ ಬಿದ್ದರೆ "ಜಂಬಣ್ಣನ ಸೇರು ತರ್ರಿ" ಎನ್ನುತ್ತಿದ್ದರು. ಸೇರು ಬಂದರೆ ಜಗಳ ಮುಗಿಯಿತು. ಆಸ್ತಿ ಏನಿದೆ ಎಂದು ಕೇಳಿದರೆ ಜಂಬಣ್ಣ ಆ ಸೇರನ್ನು ತೋರಿಸುತ್ತಿದ್ದ.

ಆದರೆ ಸೇರು ಎಷ್ಟೇ ದೊಡ್ಡದಾದರೂ ಅದನ್ನು ಹಿಡಿದವನಿಗೆ ಯಾರೂ ಸಾಹೇಬ ಎನ್ನುವುದಿಲ್ಲ. ಆ ಕೊರಗು ಅವನಿಗೆ ಇತ್ತು.

ಆ ವರ್ಷದ ಬೇಸಿಗೆಯಲ್ಲಿ ಜೀಪಿನಲ್ಲಿ ಒಬ್ಬ ಓವರ್‌ಸಿಯರ್ ಬಂದ. ಮಸ್ಕಿಯಲ್ಲಿ ಮಳೆ ಅಳೆಯುವ ಯಂತ್ರ ಇಡಬೇಕು, ಮೇಲೆ ಮರವಿಲ್ಲದ, ಬಯಲು ಜಾಗ ಬೇಕು ಎಂದ. ಪೊಲೀಸ್ ಪಾಟೀಲ ಅಮರಗುಂಡಪ್ಪ ಮೀಸೆ ತೀಡುತ್ತ ತನ್ನ ಅಂಗಳಕ್ಕೆ ಕರೆದೊಯ್ದ. ಅಲ್ಲಿ ಮುತ್ತಜ್ಜನ ಕಾಲದ ಬೇವಿನ ಮರ. ಓವರ್‌ಸಿಯರ್ ಮರ ನೋಡಿ ತಲೆಯಾಡಿಸಿದ. "ಮರ ಕಡಸ್ತೀನ್ರಿ!" ಎಂದ ಪಾಟೀಲ. ಅಷ್ಟರಲ್ಲಿ ಜಂಬಣ್ಣ ಗುಂಪಿನ ಹಿಂದಿನಿಂದ ಕೈ ಎತ್ತಿದ: "ನಮ್ಮ ಹಿತ್ತಲ ಬಯಲೈತ್ರಿ. ಮರ ಅಲ್ಲ, ತುಳಸಿ ಗಿಡಾನೂ ಇಲ್ಲ."

ಅಂದು ಸಂಜೆಯೇ ವೀರಭದ್ರಮ್ಮನ ಹಪ್ಪಳ ಸಂಡಿಗೆಯ ನೆಲದ ನಡುವೆ ತಗಡಿನ ಯಂತ್ರ ನಿಂತಿತು. ಮೇಲೊಂದು ಲಾಳಿಕೆ, ಒಳಗೊಂದು ಬಾಟಲಿ, ಸುತ್ತ ತಂತಿ ಬೇಲಿ, ಬೇಲಿಗೆ ಬೀಗ. ಜೊತೆಗೆ ಗೆರೆ ಕೊರೆದ ಒಂದು ಗಾಜಿನ ನಳಿಗೆ, ಇಂಗ್ಲಿಷಿನ ಒಂದು ಪುಸ್ತಕ, ನೂರು ಕಾರ್ಡು. ಓವರ್‌ಸಿಯರ್‌ಗೆ ಸಿಂಧನೂರಿನ ಕಾಲುವೆ ಕೆಲಸಕ್ಕೆ ಹೋಗುವ ಅವಸರ.

"ಮಳೆ ಬಂದ ಮರುದಿನ ಬೆಳಿಗ್ಗೆ ಎಂಟಕ್ಕೆ, ಎಷ್ಟು ಇಂಚು ಆಯ್ತು ಅಂತ ಅಳೆದು ಕಾರ್ಡಿನಲ್ಲಿ ಬರೀರಿ. ಲಿಂಗಸುಗೂರಿಗೆ ಕಳಿಸ್ರಿ. ಐದು ಇಂಚು ದಾಟಿದರೆ ಕೂತು ಯೋಚನೆ ಮಾಡಬೇಡಿ, ಅದೇ ಬಸ್ಸಿಗೆ ಕಳಿಸಿಬಿಡಿ. ಉಳಿದದ್ದೆಲ್ಲ ಪುಸ್ತಕದಲ್ಲಿದೆ."

"ಸಾಹೇಬ್ರ, ಒಂದು ಮಾತು," ಎಂದ ಜಂಬಣ್ಣ. ನಲವತ್ತೈದು ವರ್ಷ ಮಳೆಯಲ್ಲಿ ನೆನೆದಿದ್ದನಾದರೂ ಈ ಪ್ರಶ್ನೆ ಅವನಿಗೆ ಹುಟ್ಟಿದ್ದು ಆಗಲೇ. "ಮಳಿ ಬರೋದು ಎಲ್ಲಿಂದ್ರಿ?"

ಓವರ್‌ಸಿಯರ್ ಒಂದು ಕಾಲು ಜೀಪಿನಲ್ಲಿಟ್ಟೇ ಹೇಳಿದ: "ಸಮುದ್ರದಿಂದ. ಬಿಸಿಲಿಗೆ ನೀರು ಆವಿಯಾಗಿ ಮೇಲೆ ಹೋಗ್ತದೆ. ಗಾಳಿ ಅದನ್ನ ಈ ಕಡೆ ತಳ್ಳಿಕೊಂಡು ಬರ್ತದೆ. ಮೇಲೆ ಹೋದಷ್ಟೂ ತಂಪು. ತಂಪಿಗೆ ಆವಿ ಹನಿಯಾಗ್ತದೆ. ಹನಿ ಭಾರ ಆದರೆ ಬೀಳ್ತದೆ. ಅಷ್ಟೇ." ಜೀಪು ಹೋಯಿತು. ಧೂಳು ಉಳಿಯಿತು.

ಮರುದಿನದಿಂದ ಊರವರು ಅವನನ್ನು ಮಳೆಸಾಹೇಬ ಎನ್ನತೊಡಗಿದರು, ಅಂಗಡಿಯಲ್ಲಿ ಇದೇ ಪಾಠ. ಎರಡು ಪೈಸೆ ಬೀಡಿಗೆ ಬಂದವನಿಗೂ ಸಮುದ್ರ, ಆವಿ, ಗಾಳಿ, ತಂಪು ಕೇಳದೆ ಬಿಡುಗಡೆ ಇಲ್ಲ. ಪಕ್ಕದ ದರ್ಜಿ ದಸ್ತಗೀರ್‌ಸಾಬ್, ಕೋಟು ಹೊಲಿದವನು ಅವನೇ, ಹೊಲಿಗೆ ಯಂತ್ರ ನಿಲ್ಲಿಸಿ ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದ.

"ಎಲ್ಲಾ ಬರೋಬರಿ ಜಂಬಣ್ಣ. ನಮ್ಮ ಮಾವ ಹಜ್‌ಗೆ ಜಹಾಜಿನಾಗ ಹೋಗಿ ಬಂದಾನ. ಸಮುದ್ರದ ನೀರು ಬಾಯಾಗ ಇಡಾಕ ಆಗಲ್ಲಂತ, ಅಷ್ಟು ಉಪ್ಪು. ಮತ್ತ ಮಳಿ ನೀರು ಯಾಕ ಸಪ್ಪಗ ಐತಿ?"

ಅಂಗಡಿಯಲ್ಲಿದ್ದವರೆಲ್ಲ ಜಂಬಣ್ಣನ ಮುಖ ನೋಡಿದರು. ಜಂಬಣ್ಣ ಆಕಾಶ ನೋಡಿದ.

ರಾತ್ರಿಯೆಲ್ಲ ಹೊರಳಾಡಿ ಬೆಳಗಿನ ಹೊತ್ತಿಗೆ ಅವನಿಗೆ ಹೊಳೆಯಿತು. ಯಂತ್ರದೊಳಗೆ ಬಾಟಲಿ ಇಟ್ಟದ್ದು ಇದಕ್ಕೇ! ಸರಕಾರಕ್ಕೂ ಇದೇ ಸಂಶಯ ಬಂದಿದೆ. ಯಾವ ಮಳೆಯಲ್ಲಾದರೂ ಉಪ್ಪು ಬಂದೀತೇ ಎಂದು ಊರೂರಿನ ನೀರು ಹಿಡಿಸುತ್ತಿದೆ. ಅಂಗಡಿಯವನಿಗೆ ನಮೂನೆ ಕಾಯ್ದಿಡುವುದನ್ನು ಕಲಿಸಬೇಕೇ? ಅಂದಿನಿಂದ ಮಳೆ ಬಂದಾಗಲೆಲ್ಲ ಬಾಟಲಿಯ ನೀರನ್ನು ಒಂದು ಹನಿಯೂ ಚೆಲ್ಲದಂತೆ ಖಾಲಿ ಔಷಧದ ಶೀಷೆಗೆ ಸುರುವಿ, ನಾಲಿಗೆಗೆ ಹಚ್ಚಿ ರುಚಿ ನೋಡಿ, ಬೂಚು ಬಡಿದು, ತಾರೀಖು ಬರೆದ ಚೀಟಿ ಅಂಟಿಸಿ, ಬೆಲ್ಲದ ಪೆಂಟೆಗಳ ಹಿಂದೆ ಸಾಲಾಗಿ ಇಡತೊಡಗಿದ. ಗಾಜಿನ ನಳಿಗೆ ಏತಕ್ಕೆಂದು ಮಾತ್ರ ತಿಳಿಯಲಿಲ್ಲ. ಚಂದ ಇತ್ತು, ನೆಟ್ಟಗೆ ನಿಲ್ಲುತ್ತಿತ್ತು. ದೇವರ ಪಟದ ಮುಂದೆ ಊದಿನಕಡ್ಡಿ ನಿಲ್ಲಿಸಲು ಇಟ್ಟ.

ಹಾಗಾದರೆ ಅವನು ಮಳೆ ಅಳೆದದ್ದು ಹೇಗೆ?

ಮಸ್ಕಿಯ ಕರಿನೆಲದಲ್ಲಿ ಹುಟ್ಟಿದವನಿಗೆ ಮಳೆ ಅಳೆಯುವುದನ್ನು ಪುಸ್ತಕ ಕಲಿಸಬೇಕಾಗಿಲ್ಲ. ಮಳೆ ನಿಂತ ಮೇಲೆ ಹೊಲಕ್ಕೆ ಹೋಗಿ ಕಳೆ ತೆಗೆಯುವ ಕುರ್ಚಿಗೆಯಿಂದ ನೆಲ ಬಗೆಯುವುದು, ಒಣ ಮಣ್ಣು ಹತ್ತುವವರೆಗೆ. ಮೂರು ಬೆರಳು ಹಸಿ ಹೋಗಿದ್ದರೆ ಮೂರು ಬೆರಳು ಮಳೆ, ಒಂದು ಗೇಣು ಹಸಿ ಹೋಗಿದ್ದರೆ ಗೇಣು ಮಳೆ. ಅಜ್ಜ ಹಾಗೇ ಅಳೆದ, ಅಪ್ಪ ಹಾಗೇ ಅಳೆದ. ಈಗ ಸರಕಾರ ಬೆರಳು, ಗೇಣು ಬಿಟ್ಟು ಇಂಚು ಕೇಳುತ್ತಿದೆ, ಅಷ್ಟೇ ವ್ಯತ್ಯಾಸ. ಜಂಬಣ್ಣ ದಸ್ತಗೀರ್‌ಸಾಬ್‌ನಿಂದ ಬಟ್ಟೆ ಅಳೆಯುವ ಟೇಪು ಇಸಿದುಕೊಂಡು, ಹಿತ್ತಲಲ್ಲಿ ಕುಣಿ ಬಗೆದು, ಕೋಟು ಹಾಕಿಕೊಂಡು, ಅಳೆದು ಬರೆದ: 'ಎರಡು ಇಂಚು. ನೀರಿನಲ್ಲಿ ಉಪ್ಪಿನ ರುಚಿ ಇಲ್ಲ.' ಇನ್ನೊಂದು ಮಳೆಗೆ, 'ಮೂರು ಇಂಚು. ಉಪ್ಪಿನ ರುಚಿ ಇಲ್ಲ.' ಕಾರ್ಡು ಹೋದವು. ಕಚೇರಿಯಲ್ಲಿ ಯಾರೂ ತಕರಾರು ಮಾಡಲಿಲ್ಲ. ಜಂಬಣ್ಣನಿಗೆ ಧೈರ್ಯ ಬಂತು.

ಆಮೇಲೆ ಉತ್ತರಿ ಮಳೆ ಬಂತು. ಹಿಂಗಾರಿ ಜೋಳ ಬಿತ್ತುವವರು ಕಾಯುವ ಮಳೆ ಅದು. ಸಂಜೆ ಹಿಡಿದದ್ದು ಬೆಳಗಿನವರೆಗೆ ಒಂದೇ ಹದದಲ್ಲಿ, ನೆಲಕ್ಕೆ ನೋವಾಗದಂತೆ ಸುರಿಯಿತು. ಎಂಟಕ್ಕೆ ಜಂಬಣ್ಣ ಕುರ್ಚಿಗೆ ಹಿಡಿದು ಕುಣಿ ಬಗೆದ. ಟೇಪು ಇಳಿಬಿಟ್ಟ ದಸ್ತಗೀರ್‌ಸಾಬ್, ಷರಟಿನ ಅಳತೆ ಕೂಗುವಂತೆ ಕೂಗಿದ: "ಒಂಬತ್ತು!"

"ಸರಿಯಾಗಿ ನೋಡು."

"ಒಂಬತ್ತಕ್ಕ ಒಂದು ದಾರದ ಎಳಿ ಕಡಿಮಿ ಇಲ್ಲ."

ಐದು ದಾಟಿದೆ! ಜಂಬಣ್ಣ ಕಾರ್ಡು ಬರೆದು, ಕೊಡೆ ಬಿಚ್ಚಿಕೊಂಡು, ಮಳೆ ನಿಂತಿದ್ದರೂ ಬಿಚ್ಚಿಕೊಂಡು, ಲಿಂಗಸುಗೂರಿನ ಬಸ್ಸಿನ ಬಳಿ ಓಡಿದ. ಕಂಡಕ್ಟರ್ ಜಿಲಾನಿಸಾಬ್ ಕೈಗೆ ಕಾರ್ಡು ಕೊಟ್ಟು, "ಸರಕಾರದ್ದು. ಭಾಳ ಅರ್ಜೆಂಟ್," ಎಂದ.

ಆ ಬಸ್ಸು ಊರಾಚೆಯ ಹಳ್ಳದ ಕೆಸರಿನಲ್ಲಿ ಹೂತು ಎರಡು ತಾಸು ನಿಂತಿತು. ಅದರಲ್ಲಿ ಒಂದು ತಾಸು ಚಹಾಕ್ಕೆ ಹೋದದ್ದು. ತಡ ಮಾಡಿದ್ದಕ್ಕೆ ಬೈಸಿಕೊಳ್ಳುವ ಭಯದಲ್ಲಿದ್ದ ಜಿಲಾನಿಸಾಬ್, ಲಿಂಗಸುಗೂರಿನಲ್ಲಿ ಕಾರ್ಡು ಓದಿ ಬೆಚ್ಚಿಬಿದ್ದ ಗುಮಾಸ್ತ "ಮಸ್ಕಿ ಕಡೆ ಹೆಂಗೈತಪಾ?" ಎಂದು ಕೇಳಿದ್ದೇ ತಡ, ಸಿಕ್ಕ ಅವಕಾಶ ಬಿಡಲಿಲ್ಲ.

"ಏನು ಕೇಳ್ತೀರಿ ಸಾಹೇಬ್ರ! ಗಾಲಿ ಕಾಣಾಂಗಿಲ್ಲ. ಹಳ್ಳ ಅಂದರ ಹಳ್ಳ ಅಲ್ಲ, ಹೊಳಿ. ನಾವು ಬದುಕಿ ಬಂದದ್ದು ದರ್ಗಾದ ದುವಾ."

ಕಾಗದಕ್ಕೆ ಸಾಕ್ಷಿ ಸಿಕ್ಕಿತು. ಒಂದೇ ದಿನ ಒಂಬತ್ತು ಇಂಚು! ಮಸ್ಕಿ ಮುಳುಗಿದೆ ಎಂದು ಕಚೇರಿ ತೀರ್ಮಾನಿಸಿತು.

ಮೂರನೆಯ ದಿನ ಬೆಳಿಗ್ಗೆ, ಸುಡುವ ಬಿಸಿಲಿನಲ್ಲಿ, ಮಸ್ಕಿಗೆ ಒಂದು ಲಾರಿ ಬಂತು. ಅದರಲ್ಲಿ ಜೋಳದ ಚೀಲ, ಕಂಬಳಿ, ಹಗ್ಗ. ಎಲ್ಲದರ ಮೇಲೆ ಬೋರಲು ಹಾಕಿದ, ಚರ್ಮ ಹೊದಿಸಿದ ದೊಡ್ಡದೊಂದು ಬುಟ್ಟಿ. ಬುಟ್ಟಿಯ ಪಕ್ಕ ಹುಟ್ಟು ಹಿಡಿದ ಒಬ್ಬ ಮುದುಕ ಅಂಬಿಗ, ಕೃಷ್ಣಾ ದಂಡೆಯವನು. ಹಿಂದಿನ ಜೀಪಿನಲ್ಲಿ ತಹಶೀಲ್ದಾರರು, ಮೊಣಕಾಲಿನವರೆಗೆ ಪ್ಯಾಂಟು ಮಡಚಿಕೊಂಡು ತಯಾರಾಗಿ ಕೂತಿದ್ದರು.

ಊರಿಗೆ ಊರೇ ನೆರೆಯಿತು. ಹುಟ್ಟಿದಾಗಿನಿಂದ ಹರಗೋಲು ಕಾಣದ ಜನ.

"ಏನಿದು, ಇಷ್ಟು ದೊಡ್ಡ ಮೊರ?" ಎಂದು ಒಬ್ಬ ರೈತ ಬುಟ್ಟಿಯನ್ನು ತಟ್ಟಿ ನೋಡಿದ. "ಯಾವ ರಾಶಿ ತೂರಾಕ?"

"ಮೊರ ಅಲ್ಲೋ, ಹರಗೋಲು. ನೀರಿನಾಗ ಬಿಡೋದು," ಎಂದ ಅಂಬಿಗ ಕೆಳಗಿಳಿಯುತ್ತ. ಒಂದು ಸುತ್ತು ನೋಡಿದ. ಕಾಲ ಕೆಳಗೆ ಧೂಳು, ಎದುರಿಗೆ ಅಂಗಡಿ, ಕಟ್ಟೆಯ ಮೇಲೆ ಮಲಗಿದ ನಾಯಿ. "ನೀರೆಲ್ಲೈತಿ?"

"ಬಾವ್ಯಾಗ ಐತಿ. ಕುಡಿಯಾಕ ಬೇಕೇನು?"

ತಹಶೀಲ್ದಾರರು ಮಡಚಿದ ಪ್ಯಾಂಟು ನಿಧಾನವಾಗಿ ಬಿಚ್ಚಿದರು. ಅದು ಒಳ್ಳೆಯ ಲಕ್ಷಣವಾಗಿರಲಿಲ್ಲ. ಜೇಬಿನಿಂದ ಮಸ್ಕಿಯ ಕಾರ್ಡುಗಳನ್ನೆಲ್ಲ ತೆಗೆದು, "ಜಂಬಣ್ಣ ಯಾರು?" ಎಂದರು.

ಜಂಬಣ್ಣ ಕೋಟಿನ ಗುಂಡಿ ಹಾಕುತ್ತ ಮುಂದೆ ಬಂದ. ಸಾಹೇಬರು ತನ್ನನ್ನೇ ಹುಡುಕಿಕೊಂಡು ಬಂದಿದ್ದಾರೆಂದು ಅವನ ಮುಖ ಅರಳಿತ್ತು.

"ಒಂಬತ್ತು ಇಂಚು ಅಂತ ಬರೆದವ ನೀನೇ?"

"ಹೌದ್ರಿ. ನಾನ ಅಳದೀನ್ರಿ, ಸ್ವಂತ ಕೈಲೆ."

"ಒಂಬತ್ತು ಇಂಚು ಬಿದ್ದಿದ್ರೆ ಈ ನಾಯಿ ಇಲ್ಲಿ ಮಲಗಿರತಿತ್ತೇನು?"

ಪಾಟೀಲ ಅಮರಗುಂಡಪ್ಪನಿಗೆ ಬೇವಿನ ಮರದ ನೋವು ಇನ್ನೂ ಆರಿರಲಿಲ್ಲ. "ಸಾಹೇಬ್ರ, ಅಂವಂದು ಸುಳ್ಳು ಅಳತಿ," ಎಂದ, ಊರಿಗೆಲ್ಲ ಕೇಳುವಂತೆ. "ನಾ ಅವತ್ತ ಹೇಳೀನಿ. ಯಂತ್ರ ನಮ್ಮ ಅಂಗಳದಾಗ ಇಟ್ಟಿದ್ದರ ಇಷ್ಟಾಗತಿದ್ದಿಲ್ಲ."

"ಊಟ ಆದ ಮೇಲೆ ಆರ್ಡರ್ ಬರೀತೀನಿ," ಎಂದರು ತಹಶೀಲ್ದಾರರು. "ಸುಳ್ಳು ಅಳತೆ ಕೊಟ್ಟಿದ್ದಕ್ಕೆ ಕೆಲಸದಿಂದ ತೆಗೆದಿದೆ ಅಂತ. ಚಾವಡಿ ಗೋಡೆಗೂ ಹಚ್ಚಿಸ್ತೀನಿ." ಪಾಟೀಲ ಅವರನ್ನು ತನ್ನ ಮನೆಯ ಊಟಕ್ಕೆ ಕರೆದೊಯ್ದ.

ಜಂಬಣ್ಣ ಅಂಗಡಿಗೆ ಬಂದು ಕೂತ. ತಪ್ಪೇನಾಯಿತೆಂದು ಅವನಿಗೆ ತಿಳಿಯದು. ಕುಣಿ ಸರಿಯಿತ್ತು, ಟೇಪು ಸರಿಯಿತ್ತು. ಎರಡು ರೂಪಾಯಿ ಸಂಬಳ ಹೋದರೆ ಹೋಯಿತು, ಸಾಹೇಬಗಿರಿಯೂ ಹೋಗಲಿ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದಾಗ ಎಣ್ಣೆಗೆ ಬಸವಣ್ಣೆಮ್ಮ ಬಂದಳು. ಇಪ್ಪತ್ತು ವರ್ಷದ ಗಿರಾಕಿ. ಜಂಬಣ್ಣ ತನ್ನ ಪಾವು ಎತ್ತಿಕೊಂಡ. ಬಸವಣ್ಣೆಮ್ಮ ಸೆರಗಿನೊಳಗಿಂದ ಒಂದು ಪಾವು ತೆಗೆದಳು.

"ಇದರಾಗ ಅಳಿ ಜಂಬಣ್ಣ. ಮನ್ಯಾಗಿಂದ ತಂದೀನಿ."

"ಯಾಕಬೇ? ನಮ್ಮ ಪಾವಿಗೆ ಏನಾಗೈತಿ?"

"ಏನೂ ಆಗಿಲ್ಲಪ್ಪ," ಎಂದಳು ಅವಳು ನೆಲ ನೋಡುತ್ತ. "ಮಂದಿ ಅನ್ನಾಕತ್ತಾರ. ಮಳಿ ಸುಳ್ಳು ಅಳದಾಂವ ಎಣ್ಣಿ ಖರೆ ಅಳದಾನೇನು ಅಂತ. ನಾ ಅಂದಿಲ್ಲ ಮತ್ತ."

ಜಂಬಣ್ಣ ಅವಳ ಪಾವಿನಲ್ಲೇ ಅಳೆದು ಕೊಟ್ಟ. ನಾಲ್ಕು ಹನಿ ಹೊರಗೆ ಬಿದ್ದವು. ಅವಳು ಹೋದ ಮೇಲೆ ಅಪ್ಪನ ಸೇರನ್ನು ನೋಡಿದ. ಆಮೇಲೆ ಕೋಟು ಬಿಚ್ಚಿ ಗೂಟಕ್ಕೆ ಹಾಕಿ, ಕುರ್ಚಿಗೆ ಹಿಡಿದು, ದಸ್ತಗೀರ್‌ಸಾಬ್‌ನನ್ನು ಟೇಪಿನ ಸಮೇತ ಎಳೆದುಕೊಂಡು ನೆಟ್ಟಗೆ ಪಾಟೀಲನ ಮನೆಗೆ ನಡೆದ.

ತಹಶೀಲ್ದಾರರು ಕೈ ತೊಳೆಯುತ್ತಿದ್ದರು.

"ಸಾಹೇಬ್ರ, ಯಂತ್ರ ಒಯ್ರಿ. ನೌಕರಿ ಒಯ್ರಿ. ಹದಿನಾಲ್ಕು ರೂಪಾಯಿ ಕೋಟೂ ಒಯ್ರಿ. ಸುಳ್ಳು ಅಳತಿ ಅಂತ ಮಾತ್ರ ಬರೀಬ್ಯಾಡ್ರಿ. ಅಳತೀ ಮ್ಯಾಲೆ ನಮ್ಮ ಮನಿ ನಿಂತೈತಿ. ಬರ್ರಿ, ನಿಮ್ಮ ಕಣ್ಣ ಮುಂದ ಇನ್ನೊಮ್ಮಿ ಅಳೀತೀನಿ."

"ಮೂರು ದಿನದ ಹಿಂದಿನ ಮಳೇನ ಇವತ್ತು ಅಳೀತೀಯಾ?"

"ಅದೆಲ್ಲಿ ಹೋಗತೈತ್ರಿ? ನೆಲದಾಗ ಐತಿ."

ಈ ಉತ್ತರ ಕೇಳಿ ತಹಶೀಲ್ದಾರರಿಗೆ ಸಿಟ್ಟಿಗಿಂತ ಕುತೂಹಲ ಹೆಚ್ಚಾಯಿತು. ಹೊರಟರು. ಹಿಂದೆ ಪಾಟೀಲ, ಅವನ ಹಿಂದೆ ಅಂಬಿಗ, ಅಂಬಿಗನ ಹಿಂದೆ ಊರು.

ಹಿತ್ತಲಲ್ಲಿ ಜಂಬಣ್ಣ ಹೊಸ ಕುಣಿ ಬಗೆದ. ಒಣ ಮಣ್ಣು ಹತ್ತಿತು. ದಸ್ತಗೀರ್‌ಸಾಬ್ ಟೇಪು ಇಳಿಬಿಟ್ಟ. "ಎಂಟೂವರಿ!"

"ಅರ್ಧ ಇಂಚು ಬಿಸಿಲು ತಿಂದೈತ್ರಿ," ಎಂದ ಜಂಬಣ್ಣ ಕೈ ಮುಗಿದು.

ತಹಶೀಲ್ದಾರರು ಕುಣಿ ನೋಡಿದರು, ಟೇಪು ನೋಡಿದರು, ತಂತಿ ಬೇಲಿಯೊಳಗೆ ಬೀಗದ ಹಿಂದೆ ಯಾರೂ ಮುಟ್ಟಿಲ್ಲದಂತೆ ನಿಂತಿದ್ದ ಯಂತ್ರ ನೋಡಿದರು.

"ನೀನು ಹಸಿ ಮಣ್ಣು ಅಳೆದೆಯಾ?"

"ಮತ್ತೇನು ಅಳೀಬೇಕ್ರಿ?"

"ನೀರು! ಆ ಬಾಟಲಿಯಲ್ಲಿ ಬಿದ್ದ ನೀರು! ಅದನ್ನೇನು ಮಾಡಿದೆ?"

"ಕಾದಿಟ್ಟೀನ್ರಿ. ಒಂದು ಹನಿ ಚೆಲ್ಲಿಲ್ಲ."

ಬೆಲ್ಲದ ಹಿಂದಿನಿಂದ ಶೀಷೆಗಳು ಒಂದೊಂದಾಗಿ ಹೊರಬಂದವು. ಬೂಚು, ತಾರೀಖು, ಚೀಟಿ. ದೇವರ ಮುಂದಿನ ಊದಿನಕಡ್ಡಿ ತೆಗೆದು, ಬೂದಿ ತೊಳೆದು ಗಾಜಿನ ನಳಿಗೆಯೂ ಬಂತು. ತಹಶೀಲ್ದಾರರು ಉತ್ತರಿಯ ನೀರನ್ನು ತಾವೇ ನಳಿಗೆಗೆ ಸುರುವಿ ಗೆರೆ ಎಣಿಸಿದರು. ಒಂದೂವರೆ ಇಂಚು. ಕಾರ್ಡಿನಲ್ಲಿ ಮೂರು ಇಂಚು ಎಂದು ಬರೆದ ಮಳೆಯ ಶೀಷೆ ಸುರುವಿದರು. ಅರ್ಧ ಇಂಚು. ಎರಡು ಎಂದು ಬರೆದದ್ದರಲ್ಲಿ ಇಂಚಿನ ಮೂರರಲ್ಲೊಂದು ಪಾಲು. ಅವರು ಕೈಬೆರಳು ಮಡಚಿ ಬಿಚ್ಚಿ ಲೆಕ್ಕ ಹಾಕಿದರು. ಮತ್ತೊಮ್ಮೆ ಹಾಕಿದರು.

"ಆರಕ್ಕೊಂದು," ಎಂದರು ಮೆಲ್ಲಗೆ. "ಪ್ರತಿ ಸಲ ಆರಕ್ಕೊಂದು. ಒಂದು ಇಂಚು ನೀರಿಗೆ ಆರು ಇಂಚು ಹಸಿ. ಪಾಟೀಲರೇ, ಸುಳ್ಳು ಅಳೆಯುವವನಿಗೆ ಇಷ್ಟು ಸರಿಯಾಗಿ ತಪ್ಪು ಮಾಡೋಕೆ ಬರೋದಿಲ್ಲ."

ಪಾಟೀಲ ಮೀಸೆಯಿಂದ ಕೈ ತೆಗೆದ.

ಗುಂಪಿನಲ್ಲಿದ್ದ ರೈತ, ಹರಗೋಲನ್ನು ಮೊರ ಎಂದವನು, ಮುಂದೆ ಬಂದ. "ಸಾಹೇಬ್ರ, ಒಂದೂವರಿ ಇಂಚು ಅಂದರ ಜೋಳ ಬಿತ್ತಬೇಕೋ ಬ್ಯಾಡೋ?"

ಅದು ತಹಶೀಲ್ದಾರರ ಯಾವ ಪುಸ್ತಕದಲ್ಲೂ ಇರಲಿಲ್ಲ. ಅವರು ಜಂಬಣ್ಣನ ಕಡೆ ತಿರುಗಿದರು.

"ಎಂಟೂವರಿ ಹಸಿ ಐತಿ. ಕೂರಿಗಿ ಹೂಡು," ಎಂದ ಜಂಬಣ್ಣ. "ನಾಳೆಗೆ ಬಿಟ್ಟರ ಬಿಸಿಲು ಇನ್ನಷ್ಟು ತಿಂತೈತಿ." ಗುಂಪು ಅರ್ಧ ಅಲ್ಲೇ ಕರಗಿ ಹೊಲಕ್ಕೆ ಹೋಯಿತು.

"ಅದಿರಲಿ," ಎಂದರು ತಹಶೀಲ್ದಾರರು ಕಾರ್ಡು ತಿರುವುತ್ತ, "ಪ್ರತಿ ಕಾರ್ಡಿನಲ್ಲೂ ಉಪ್ಪಿನ ರುಚಿ ಇಲ್ಲ ಅಂತ ಬರೆದಿದ್ದೀಯಲ್ಲ, ಅದೇನು?"

ಜಂಬಣ್ಣ ಸಮುದ್ರದಿಂದ ಹಿಡಿದು ಹೇಳಿದ. ದಸ್ತಗೀರ್‌ಸಾಬ್‌ನ ಮಾವನ ಜಹಾಜೂ ಬಂತು. ತಹಶೀಲ್ದಾರರು ತಲೆ ಕೆರೆದುಕೊಂಡರು. ಉಪ್ಪು ಎಲ್ಲಿ ಉಳಿಯುತ್ತದೆಂದು ಅವರೂ ಶಾಲೆಯಲ್ಲಿ ಓದಿದ್ದರು, ನೆನಪಾಗುತ್ತಿರಲಿಲ್ಲ.

ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದ ವೀರಭದ್ರಮ್ಮ ಒಳಗೆ ಹೋಗಿ, ಕುದಿಯುವ ಸಾರಿನ ಗಡಿಗೆಯ ಮುಚ್ಚಳ ಎತ್ತಿ ತಂದಳು. ಮುಚ್ಚಳದ ಒಳಮೈಯಲ್ಲಿ ಹನಿ ಸಾಲುಗಟ್ಟಿದ್ದವು.

"ಸಾರಿಗೆ ಉಪ್ಪು ಹಾಕೀನಿ. ಇದನ್ನ ನಾಲಿಗಿಗೆ ಹಚ್ಚಿ ನೋಡ್ರಿ."

ಜಂಬಣ್ಣ ಬೆರಳಲ್ಲಿ ಒಂದು ಹನಿ ಮುಟ್ಟಿ ನಾಲಿಗೆಗೆ ಹಚ್ಚಿದ. ಸಪ್ಪಗಿತ್ತು. ತಹಶೀಲ್ದಾರರೂ ಹಚ್ಚಿದರು. ದಸ್ತಗೀರ್‌ಸಾಬ್ ಎರಡು ಹನಿ ನೋಡಿದ. ಅಂಬಿಗನೂ ಬಿಡಲಿಲ್ಲ.

"ಉಪ್ಪು ಗಡಿಗ್ಯಾಗ ಉಳೀತೈತಿ, ಉಗಿ ಒಂದ ಮ್ಯಾಲೆ ಬರತೈತಿ," ಎಂದಳು ಅವಳು. "ಮೂವತ್ತು ವರ್ಷ ಆತು, ನನ್ನ ಗಡಿಗಿ ಮ್ಯಾಲೆ ದಿನಾ ಮಳಿ ಆಗತೈತಿ. ನನಗ ಯಾರೂ ಸಾಹೇಬ ಅಂದಿಲ್ಲ, ಕೋಟು ಹೊಲಿಸಿಲ್ಲ."

"ನೀ ಮೊದಲ ಯಾಕ ಹೇಳಲಿಲ್ಲ?" ಎಂದ ಜಂಬಣ್ಣ ಮುಚ್ಚಳವನ್ನು ಕಣ್ಣು ಕೀಳದೆ ನೋಡುತ್ತ.

"ನೀ ಅಂಗಡಿಗೆ ಬಂದಾಂವಗೆಲ್ಲ ಕೇಳಿದಿ. ನನಗ ಕೇಳಿದೇನು?"

ತಹಶೀಲ್ದಾರರು ಚಾವಡಿಗೆ ಹಚ್ಚಿಸಿದ ಕಾಗದದಲ್ಲಿ ಹೀಗಿತ್ತು: ಮಸ್ಕಿಯ ಜಂಬಣ್ಣನ ಅಳತೆ ಸುಳ್ಳಲ್ಲ. ಇನ್ನು ಮುಂದೆ ಕಾರ್ಡಿನಲ್ಲಿ ನೀರಿನ ಇಂಚು ಬರೆಯತಕ್ಕದ್ದು, ಹಸಿಯ ಇಂಚನ್ನು ಕೆಳಗೆ ಬೇರೆ ಸಾಲಿನಲ್ಲಿ ಬರೆಯತಕ್ಕದ್ದು. ರುಚಿ ನೋಡುವ ಅಗತ್ಯ ಇಲ್ಲ.

ಲಾರಿ ಸಿಂಧನೂರಿಗೆ ಬೇರೆ ಕೆಲಸಕ್ಕೆ ಹೋಗಬೇಕಾಗಿತ್ತು. ಹರಗೋಲನ್ನು ಜಂಬಣ್ಣನ ಹಿತ್ತಲಲ್ಲಿ ಬೋರಲು ಹಾಕಿ, ಅಂಬಿಗ ಜಿಲಾನಿಸಾಬ್‌ನ ಬಸ್ಸು ಹತ್ತಿದ. "ನೀರು ಬಂದರ ಹೇಳಿ ಕಳಸ್ರಿ," ಎಂದ. ಜಿಲಾನಿಸಾಬ್ ಆ ದಿನ ಯಾರಿಗೂ ಹಳ್ಳದ ಸುದ್ದಿ ಹೇಳಲಿಲ್ಲ.

ಹರಗೋಲು ಒಯ್ಯಲು ಮತ್ತೆ ಲಾರಿ ಬಂದದ್ದು ಎಂಟು ದಿನಕ್ಕೆ. ಅಷ್ಟೂ ದಿನ ವೀರಭದ್ರಮ್ಮ ಅದರ ಅಗಲವಾದ ಬೆನ್ನಿನ ಮೇಲೆ ಬಟ್ಟೆ ಹಾಸಿ ಸಂಡಿಗೆ ಒಣಗಿಸಿದಳು. ನೆಲದ ಮೇಲೆ ಒಣಗಿದ್ದಕ್ಕಿಂತ ಚೆನ್ನಾಗಿ ಒಣಗಿದವು, ಕೋಳಿಯ ಕಾಟವೂ ಇರಲಿಲ್ಲ.

ಕೊನೆಗೆ ಲೆಕ್ಕ ಇಷ್ಟು. ಕೋಟು ಮತ್ತೆ ಗೂಟದಿಂದ ಇಳಿಯಲಿಲ್ಲ, ಹದಿನಾಲ್ಕು ರೂಪಾಯಿ ಹೋಯಿತು. ಮಳೆಸಾಹೇಬ ಎಂಬ ಹೆಸರು ಹೋಯಿತು, ಊರವರು ಅವನನ್ನು 'ಆರಕ್ಕೊಂದು ಜಂಬಣ್ಣ' ಎನ್ನತೊಡಗಿದರು. ಆ ವರ್ಷ ಎಂಟೂವರೆ ಹಸಿಗೆ ಬಿತ್ತಿದ ಜೋಳ ಚೆನ್ನಾಗಿ ಮೊಳೆಯಿತು. ಬಸವಣ್ಣೆಮ್ಮ ಮುಂದಿನ ವಾರ ಎಣ್ಣೆಗೆ ಬಂದಾಗ ಬರಿಗೈಯಲ್ಲಿ ಬಂದಳು, ಪಾವು ಮನೆಯಲ್ಲಿಟ್ಟು.